ಮುಗಿಲಿಂದ ಬಂದಾಕಿಗೆ ಉಡಿ

ಐವತ್ತರ ದಶಕದ ಕೊನೆಗೆ, ಮುಗಿಲ ಮ್ಯಾಲಿನ ಹವಾ ಅಳೆಯೂದು ಕಲಿಸಲಿಕ್ಕೆ ಸರಕಾರ ಒಪ್ಪಂದ ಮಾಡಿಕೊಂಡು, ತನ್ನ ಖರ್ಚಿನಾಗ ಪರದೇಶದ ಸಾಹೇಬರೊಬ್ಬರನ್ನ ಕರೆಸಿತ್ತು. ನಾನು ಅವರ ಶಿಷ್ಯ. ಒಮ್ಮೆ ನಾವು ಹಾರಿಸಿದ ಬಲೂನು ಒಡೆದು, ಯಂತ್ರದ ಪೆಟ್ಟಿಗಿ ಸವಡಿ ಅನ್ನೂ ಹಳ್ಳಿಯ ಹೊಲದಾಗ ಬಿತ್ತು. ಹುಡುಕಿಕೊಂಡು ಹೋದರ, ಹೊಲದೊಡತಿ ಯಲ್ಲವ್ವ ಅದಕ್ಕ ಕುಂಕುಮ ಹಚ್ಚಿ, ಕುಪ್ಪಸದ ಖಣ ಸುತ್ತಿ, ತವರಿನಿಂದ ಹೊರಟ ಮಗಳಿಗೆ ತುಂಬಿದಂಗ ಅಕ್ಕಿ, ಕೊಬ್ಬರಿ ಇಟ್ಟು ಉಡಿ ತುಂಬಿದ್ದಳು.

"ಯವ್ವಾ, ಇದು ಯಂತ್ರ ಐತಿ. ಒಳಗ ಅಕ್ಕಿ ಹೋದರ ಕೆಡತೈತಿ," ಅಂದೆ.

"ಇರ್ಲಿ ಬಿಡ್ರಿ ಯಪ್ಪಾ. ಸೀಗಿ ಹುಣ್ಣಿಮಿ, ಭೂಮ್ತಾಯಿಗೆ ಉಡಿ ತುಂಬೂ ದಿನಾ ಮನಿಗೆ ಬಂದಾಳ. ಬರೇ ಉಡೀಲೆ ಹ್ಯಾಂಗ ಕಳಸ್ಲಿ?"

ಸಾಹೇಬರಿಗೆ ಅರ್ಥ ಹೇಳಿ, ಖಣ ಬಿಚ್ಚಲಿಕ್ಕೆ ಕೈ ಹಾಕಿದೆ. ಅವರೇ ತಡೆದರು. ಯಲ್ಲವ್ವನಿಗೆ ಕೈಮುಗಿದು, ಪೆಟ್ಟಿಗಿ ತೊಡಿಮ್ಯಾಲಿಟ್ಟುಕೊಂಡು ಜೀಪಿನಾಗ ಕೂತರು.

ಎರಡು ದೇಶದ ಒಪ್ಪಂದಕ್ಕ ದಿಲ್ಲಿಯವರು ಸಹಿ ಹಾಕಿದ್ದರು ಖರೇ, ಬೀಗತನ ಆದದ್ದು ಮಾತ್ರ ಸವಡಿಯಾಗ. ಸಾಹೇಬರು ತಮ್ಮ ದೇಶಕ್ಕ ಹೋಗುವಾಗ ಯಂತ್ರ ನಮಗ ಬಿಟ್ಟು, ಖಣ ಹೆಂಡತಿಗೆ ಒಯ್ದರು.