ಹೆದ್ದಾರಿಯಲ್ಲಿ ಸೈಕಲ್ಲಿಗೆ ಮೀಸಲಾದ ದಾರಿಗಳು

ಆ ದಿನ ಬೆಳಿಗ್ಗೆ ಎಂದಿನಂತೆ ಗಂಜಿ ಇಳಿಸಿ, ಕೋಳಿಗಳನ್ನು ಗೂಡಿನಿಂದ ಬಿಟ್ಟು, ನಮ್ಮವರ ಅಂಗಿಗೆ ಇಸ್ತ್ರಿ ಹಾಕಿದೆ. ಹೊಸ ಕೆಲಸ ಒಂದೇ: ಸೀರೆಯ ನೆರಿಗೆಗೆ ಎರಡು ಪಿನ್ನು ಹೆಚ್ಚಿಗೆ ಚುಚ್ಚಿಕೊಂಡದ್ದು.

ಮಗಳಿಗೆ ಉದ್ಯಾವರದ ನಮ್ಮ ಮನೆಯಿಂದ ಉಡುಪಿಯ ಹೈಸ್ಕೂಲಿಗೆ ಸೈಕಲ್ಲಿನಲ್ಲಿ ಹೋಗುವ ಆಸೆ. "ಮೊದಲು ನೀನು ಹೋಗಿ ಬಾ. ಸೈಕಲ್ಲೂ ನೀನೂ ಸರಿಯಾಗಿ ಬಂದರೆ ಅವಳು ಹೋಗಲಿ" ಎಂದಿದ್ದರು ನಮ್ಮವರು. ನಾನು ಹೋಗಲಾರೆ ಎಂಬ ಧೈರ್ಯದಿಂದಲೇ ಅಷ್ಟು ಉದಾರರಾದದ್ದು. ಕಾನ್ವೆಂಟಿನ ಅಂಗಳದಲ್ಲಿ ನಾನು ಸೈಕಲ್ ಕಲಿತದ್ದನ್ನು ಮರೆತಿದ್ದರು.

ಈಗ ಪತ್ರಿಕೆಗಳಲ್ಲಿ ಪರದೇಶದ ಸೈಕಲ್ ಪಥಗಳ ಬಗೆಗಳನ್ನು ಚಿತ್ರ ಸಹಿತ ಕೊಡುತ್ತಾರೆ: ಬಿಳಿ ಗೆರೆ ಎಳೆದದ್ದು, ಕಟ್ಟೆ ಕಟ್ಟಿ ಬೇರೆ ಮಾಡಿದ್ದು. ಆಗ, ಎಂಬತ್ತನೇ ಇಸವಿಯ ಸುಮಾರಿಗೇ, ನಮ್ಮ ಹೆದ್ದಾರಿಯಲ್ಲಿ ಇವು ಧಾರಾಳವಾಗಿದ್ದವು. ಬಸ್ಸು ಬಾರದಾಗ ಡಾಮರು ಪೂರ್ತಿ ನಮ್ಮದೇ. ಬಂದರೆ ಡಾಮರಿನಿಂದ ಒಂದು ಗೇಣು ಕೆಳಗೆ ಕೆಂಪು ಮಣ್ಣಿನ ಪಟ್ಟಿ. ಇಳಿಯಲು ಮೆಟ್ಟಿಲು ಮಾತ್ರ ಮಾಡಿರಲಿಲ್ಲ. ಎರಡು ಬಸ್ಸುಗಳು ಪೈಪೋಟಿಯಲ್ಲಿ ಬಂದರೆ ಚರಂಡಿ. ಅದಕ್ಕೆ ಎರಡೂ ಬದಿ ಗೋಡೆಯಿದ್ದುದರಿಂದ ಅತ್ಯಂತ ಸುರಕ್ಷಿತ.

ಚರಂಡಿಯೊಂದನ್ನು ಬಿಟ್ಟು ಉಳಿದೆರಡನ್ನೂ ಬಳಸಿ ಶಾಲೆಯ ತಿರುವು ಮುಟ್ಟಿದೆ. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಹಾಗೆ ಬಲಗೈಯನ್ನು ನೇರವಾಗಿ ಚಾಚಿದೆ. ನಮ್ಮೂರಿನಲ್ಲಿ ರಸ್ತೆಯಲ್ಲಿ ಕೈ ಚಾಚಿದರೆ ಬಸ್ಸಿಗೆಂದೇ ಲೆಕ್ಕ. ಹಿಂದಿದ್ದ ಬಸ್ಸು ಕಿರ್ರೆಂದು ನಿಂತಿತು. ಕಂಡಕ್ಟರ್ ಹಾರಿ ಇಳಿದ. ನಮ್ಮ ಕಡೆ ಕ್ರೈಸ್ತ ಹೆಂಗಸರೆಲ್ಲ ಎಲ್ಲರಿಗೂ ಬಾಯಮ್ಮಂದಿರೇ.

"ಬೇಗ ಬನ್ನಿ ಬಾಯಮ್ಮಾ! ಸೈಕಲ್ ಬಸ್ಸಿನ ಮೇಲೆ ಹಾಕುವಾ!"

"ಬಸ್ಸಿಗೆ ಅಲ್ಲ. ನಾನು ಬಲಕ್ಕೆ ತಿರುಗುವುದು."

"ತಿರುಗಲಿಕ್ಕೆ ಕೈ ಎಂತಕ್ಕೆ ಮಾರಾಯ್ರೆ? ತಿರುಗಿದರೆ ಆಯ್ತಲ್ವಾ!"

ಇಡೀ ಬಸ್ಸು ಕಾದು ನಿಂತದ್ದರಿಂದ ಮಂತ್ರಿಗಳಿಗೂ ಸಿಗದ ನೆಮ್ಮದಿಯಲ್ಲಿ ರಸ್ತೆ ದಾಟಿದೆ. ಆದರೆ ಕಿಟಕಿಗಳಲ್ಲಿ ನಗುತ್ತಿದ್ದ ಮುಖಗಳಲ್ಲಿ ಒಂದು, ಉಡುಪಿಗೆ ಮಲ್ಲಿಗೆ ಮಾರಲು ಹೋಗುವ ನಮ್ಮ ಪಕ್ಕದ ಮನೆಯಾಕೆಯದು. ಮಗಳ ಸೈಕಲ್ ಸವಾರಿ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಸಂಜೆ ನಮ್ಮವರಿಗೆ "ಹೋದೆ, ಬಂದೆ" ಎಂದಷ್ಟೇ ಹೇಳಿದೆ. ಮಗಳು ಬಾಗಿಲ ಬಳಿ ಉಗುರು ಕಚ್ಚುತ್ತ ನಿಂತಿದ್ದಳು. ಅಷ್ಟರಲ್ಲಿ ಬೇಲಿಯಾಚೆಯಿಂದ ಪಕ್ಕದ ಮನೆಯಾಕೆ, "ಇವತ್ತು ಬಾಯಮ್ಮ ನಮ್ಮ ಬಸ್ಸನ್ನೇ ನಿಲ್ಲಿಸಿದರು!" ಎಂದಳು.

ನಮ್ಮವರು ನನ್ನನ್ನು ನೋಡಿದರು. ನಡೆದದ್ದನ್ನು ಹೇಳಿದೆ. ಎದ್ದು ಹೋಗಿ ಸೈಕಲ್ಲಿನ ಮಡ್‌ಗಾರ್ಡಿನಿಂದ ಬೆಲ್ಲಿನವರೆಗೆ ಗೀರು ಹುಡುಕಿದರು. ಪಾಪ, ಒಂದೂ ಸಿಗಲಿಲ್ಲ.

"ನಾಳೆ ಹೋಗಲಿ" ಎಂದರು, ಹಲ್ಲು ಕೀಳಿಸಿಕೊಂಡವರ ಹಾಗೆ.

ಪಕ್ಕದ ಮನೆಯಾಕೆ ಮಲ್ಲಿಗೆ ಗಿಡಕ್ಕೆ ನೀರು ಹೊಯ್ಯುತ್ತಲೇ ಹೇಳಿದಳು: "ನಾನು ಕೈ ತೋರಿಸಿದರೆ ಅರ್ಧ ಫರ್ಲಾಂಗು ದಾಟಿ ನಿಲ್ಲಿಸುತ್ತಾರೆ, ಹೂವಿನ ಬುಟ್ಟಿ ಹೊತ್ತು ಓಡಬೇಕು. ನಾಳೆ ಸೈಕಲ್ಲಿನಲ್ಲಿ ಹೋಗುವಾಗ ಮಗಳು ನನಗೂ ಒಂದು ಬಸ್ಸು ನಿಲ್ಲಿಸಿ ಹೋಗಲಿ, ಆಯ್ತಾ?"