ಬೀಗದಕ್ಕ ಕಳಿಸಿದ್ದಾರೆ

ಆ ವಿಶ್ವವಿದ್ಯಾಲಯದಲ್ಲಿ ಕುಲಪತಿ ಯಾರೆಂದು ಗೊತ್ತಿಲ್ಲದವರು ಸಿಕ್ಕಾರು, ಬೀಗದಕ್ಕನನ್ನು ಅರಿಯದವರು ಸಿಗಲಾರರು. ರಜೆಯಲ್ಲಿ ಅಲ್ಲಿ ನಡೆಯುವ ಮಕ್ಕಳ ಶಿಬಿರದ ಉಸ್ತುವಾರಿ ಆಕೆಯದು. ಅದು ದೊಡ್ಡವರು ಓದುವ ಜಾಗ. ಆಸಿಡ್ ಇಡುವ ಪ್ರಯೋಗಾಲಯ, ಆಳದ ಈಜುಕೊಳ, ದಿನವಿಡೀ ಬಂದುಹೋಗುವ ನೂರಾರು ಅಪರಿಚಿತರು. ಅಂಥ ಕಡೆ ಏಳೆಂಟು ವರ್ಷದ ಮಕ್ಕಳನ್ನು ಕರೆತರುವುದೆಂದರೆ ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ಎಂದು ಆಕೆ ಹೇಳುತ್ತಿದ್ದಳು.

ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಖಾಲಿ ಕೋಣೆಗೆ ಬೀಗ ಬೀಳಲೇಬೇಕು, ಪಾಠ ನಡೆಯುವ ಕೋಣೆಯ ಬಾಗಿಲು ಮುಚ್ಚಲೇಕೂಡದು. ಒಬ್ಬ ದೊಡ್ಡವರ ಜೊತೆ ಒಂದೇ ಮಗು ಎಲ್ಲೂ ಇರಕೂಡದು. ಸಂಜೆ ಮಗುವನ್ನು ಕರೆದೊಯ್ಯುವವರು ಗೇಟಿನ ಮೇಜಿನ ಬಳಿ, ಮನೆಯವರಿಗೆ ಕೊಟ್ಟಿರುವ ಶಿಬಿರದ ಚೀಟಿ ತೋರಿಸಬೇಕು. ಒಮ್ಮೆ ಗಣಿತದ ಹಿರಿಯ ಪ್ರಾಧ್ಯಾಪಕರು ಚೀಟಿ ಮರೆತು ಬಂದರು. "ನನ್ನ ಮೂಗು ನೋಡಮ್ಮ, ನನ್ನ ಮೊಮ್ಮಗನ ಮೂಗು ನೋಡು, ಸಾಲದಾ?" ಎಂದು ಗೋಗರೆದರು. "ಮೂಗು ಚೀಟಿ ಅಲ್ಲ ಸರ್" ಎಂದಳು ಬೀಗದಕ್ಕ. ಸೊಸೆ ಚೀಟಿ ತರುವವರೆಗೂ ಪಾಪ, ಗೇಟಿನ ಬೆಂಚಿನ ಮೇಲೆ ಕೂತಿದ್ದರು.

ಇಷ್ಟು ವರ್ಷಗಳಲ್ಲಿ ಒಂದು ಮಗುವಿನ ಚಪ್ಪಲಿ ಕೂಡ ಅಲ್ಲಿ ಕಳೆದಿರಲಿಲ್ಲ. ಆ ಹೆಮ್ಮೆ ಆಕೆಗೆ ಒಂದು ತೂಕ ಹೆಚ್ಚೇ ಇತ್ತು. ಇದ್ದರೆ ತಪ್ಪೇನು?

ಹೀಗಿರುವಾಗ ಆಕೆಯ ತಮ್ಮ, ಬೇರೆ ಊರಿನಲ್ಲಿ ಲಾರಿ ಓಡಿಸುವವನು, ಅಕ್ಕನನ್ನು ನೋಡಲು ಬಂದ. ಬಾಯಿ ಬಿಟ್ಟರೆ ತಮಾಷೆಯೇ ಅವನದು. ಊಟಕ್ಕೆ ಕೂತಾಗ ಛೇಡಿಸಿದ: "ನಿನ್ನ ಬೀಗ ಎಲ್ಲ ಒಳ್ಳೆಯವರಿಗೆ ಅಕ್ಕ. ಕಳ್ಳ ಬಂದ್ರೆ ಏನ್ಮಾಡ್ತೀಯ?"

ಮಾತು ಅಕ್ಕನಿಗೆ ಚುಚ್ಚಿತು. "ನಾಳೆ ಬಾ, ನೀನೇ ನೋಡು. ನಮ್ಮಲ್ಲಿ ನಿನ್ನ ಮುಖ ಕಂಡವರಿಲ್ಲ. ಗಿಣಿ ಅಂತ ಒಬ್ಬ ವಾಚಾಳಿ ಹುಡುಗಿ ಇದ್ದಾಳೆ, ಅವಳನ್ನ ಕಳಿಸಿ ಅಂತ ಕೇಳು. ಹೇಗೆ ಉಗಿದು ಕಳಿಸ್ತಾರೋ ನೋಡು. ಉಗಿಸಿಕೊಂಡು ನನ್ನ ಆಫೀಸಿಗೆ ಬಾ, ಚಹಾ ಕೊಡಿಸ್ತೀನಿ."

ಆಕೆಯ ಆಫೀಸು ಗೇಟಿನ ಹೊರಗೆ, ಬಸ್ಸುಗಳು ಓಡುವ ರಸ್ತೆಯ ಆಚೆಗಿತ್ತು. ಮರುದಿನ ಎರಡು ಲೋಟ ಚಹಾ ತರಿಸಿ, ತಮ್ಮನ ಪೆಚ್ಚುಮೋರೆ ನೋಡಲು ಕಾದು ಕೂತಳು. ಬಾಗಿಲು ತೆರೆಯಿತು. ತಮ್ಮನ ಮುಖದಲ್ಲಿ ನಗುವಿನ ಸುಳಿವಿಲ್ಲ. ಅವನ ಬೆರಳು ಹಿಡಿದುಕೊಂಡು ಗಿಣಿ ನಿಂತಿದ್ದಳು.

ಬೀಗದಕ್ಕ ದಡಬಡಿಸಿ ಎದ್ದಳು.

"ಕೇಳು ಅಂದೆ ಕಣೋ, ಕರ್ಕೊಂಡು ಬಾ ಅಂದ್ನಾ?"

"ಕೊಟ್ಟೇಬಿಟ್ರಲ್ಲ ಅಕ್ಕ, ನಡುರಸ್ತೇಲಿ ಬಿಟ್ಟು ಬರ್ಲಾ?" ಎಂದ ತಮ್ಮ. "ಒಂದು ಸುಳ್ಳೂ ಹೇಳಿಲ್ಲ. ಚೀಟಿ ಕೇಳಿದ್ರು. ಬೀಗದಕ್ಕ ಕಳಿಸಿದ್ದಾರೆ, ನಾನು ಅವರ ತಮ್ಮ ಅಂದೆ. ಅಷ್ಟೇ. ಎದ್ದು ನಿಂತು ಕುರ್ಚಿ ಕೊಟ್ರು. ರಸ್ತೆ ದಾಟುವಾಗ ನನಗೇ ಹೆದರಿಕೆ ಆಯ್ತು."

ಅಪರಿಚಿತರ ಜೊತೆ ಹೋಗಬಾರದೆಂಬ ಪಾಠವನ್ನು ಉಳಿದ ಮಕ್ಕಳಿಗೆ ಒಪ್ಪಿಸುತ್ತಿದ್ದವಳೇ ಈ ಗಿಣಿ. "ಇವರು ಅಪರಿಚಿತರಲ್ಲ, ನಿಮ್ಮ ತಮ್ಮ ಅಲ್ವಾ?" ಎಂದು ಆಕೆಯನ್ನೇ ಕೇಳಿದಳು.

ಗೇಟಿನ ಮೇಜಿನ ಬಳಿ ಚೀಟಿ ನೋಡುವ ವಿದ್ಯಾರ್ಥಿನಿ ಅಳುತ್ತ ಓಡಿಬಂದಳು. "ನಿಮ್ಮ ಹೆಸರು ಹೇಳಿದ ಮೇಲೆ ಇನ್ನೇನು ಕೇಳೋದು ಮೇಡಂ?"

ಬೈಯಲು ಬಾಯಿ ತೆರೆದವಳು ಹಾಗೇ ಕೂತುಬಿಟ್ಟಳು. ದೀಪದ ಬುಡದಲ್ಲೇ ಕತ್ತಲೆ. ಪ್ರಾಧ್ಯಾಪಕರನ್ನು ತಡೆದ ಗೇಟು ತನ್ನ ಹೆಸರೊಂದಕ್ಕೆ ಬಾಯಿ ತೆರೆದಿತ್ತು. ಇವತ್ತು ತಮ್ಮ. ಆ ಹೆಸರು ಇನ್ಯಾರಿಗೆ ಗೊತ್ತಿಲ್ಲ? ಕ್ಯಾಂಟೀನಿನವನಿಂದ ಹಿಡಿದು ಬಸ್ಸಿನ ಕಂಡಕ್ಟರ್‌ವರೆಗೆ ಎಲ್ಲರಿಗೂ ಗೊತ್ತು.

ಗಿಣಿಯ ತಾಯಿ ಆಸ್ಪತ್ರೆಯ ನರ್ಸ್. ಮುಚ್ಚಿಡುವ ಮನಸ್ಸಾಗದೆ ಬೀಗದಕ್ಕ ಆಗಲೇ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಆ ಕಡೆಯಿಂದ ಸಣ್ಣ ದನಿ: "ನಿಮ್ಮನ್ನ ನಂಬಿ ತಾನೇ ಕಳಿಸಿದ್ದು? ನಾಳೆ ಕಳಿಸಲಾ ಬೇಡ್ವಾ, ನೀವೇ ಹೇಳಿ."

ಆದರೂ ಮರುದಿನ ಬೆಳಿಗ್ಗೆ ತಾಯಿ ಮಗಳನ್ನು ಕರೆತಂದಳು, ತಾನೂ ಹಿಂದೆ ನಿಂತಳು. ಬೀಗದಕ್ಕ ಮಕ್ಕಳ ಮುಂದೆ ನಿಂತು ಹೇಳಿದಳು: "ಬೀಗದಕ್ಕ ಕಳಿಸಿದ್ದಾರೆ ಅಂತ ಯಾರೇ ಬಂದ್ರೂ ಹೋಗಬೇಡಿ. ನಾನೇ ಬಂದು ಕರೆದ್ರೂ ಚೀಟಿ ಕೇಳಿ."

"ಅಂದ್ರೆ ನಿಮ್ಮನ್ನೂ ನಂಬಬಾರ್ದಾ?" ಗಿಣಿ ಕೇಳಿದಳು.

ಮಕ್ಕಳ ನಂಬಿಕೆಯೊಂದನ್ನೇ ಜೀವಮಾನದ ಗಳಿಕೆ ಎಂದುಕೊಂಡವಳು ಆಕೆ. "ನಂಬಬಾರದು ಪುಟ್ಟಿ" ಎಂದಳು.

ಸಂಜೆ ಉಳಿದ ಮಕ್ಕಳೆಲ್ಲ ಹೋದರು. ಗಿಣಿಯ ತಾಯಿ ಮಾತ್ರ ಕೆಲಸ ಮುಗಿಸಿ ಬಂದು ರಸ್ತೆಯಾಚೆ ಬಸ್ಸಿಳಿದು, ವಾಹನಗಳ ಓಡಾಟದಲ್ಲಿ ದಾಟಲಾರದೆ ನಿಂತಿದ್ದಳು. "ಬಾ, ಅಮ್ಮನ ಹತ್ತಿರ ಬಿಡ್ತೀನಿ" ಎಂದು ಬೀಗದಕ್ಕ ಅಭ್ಯಾಸಬಲದಿಂದ ಕೈ ಚಾಚಿದಳು. ಗಿಣಿ ಎರಡೂ ಕೈ ಬೆನ್ನ ಹಿಂದೆ ಅಡಗಿಸಿಕೊಂಡಳು.

"ಚೀಟಿ ಎಲ್ಲಿ?"

ಮೇಜಿನ ಹುಡುಗಿ ಎದ್ದು ನಿಂತಳು. ಮುಖ ಬಿಳಿಚಿತ್ತು, ಮಾತು ಗಟ್ಟಿಯಾಗಿತ್ತು. "ಚೀಟಿ ಇಲ್ದಿದ್ರೆ ಆ ಬೆಂಚಿನ ಮೇಲೆ ಕೂತ್ಕೊಳ್ಳಿ ಮೇಡಂ."

ಬೀಗದಕ್ಕ ಎರಡು ಮಾತಾಡದೆ ಹೋಗಿ, ಪ್ರಾಧ್ಯಾಪಕರು ಕೂತಿದ್ದ ಅದೇ ಬೆಂಚಿನ ಮೇಲೆ ಕೂತಳು. ತಾಯಿ ರಸ್ತೆ ದಾಟಿ ಬಂದು ಚೀಟಿ ತೋರಿಸುವವರೆಗೂ ಏಳಲಿಲ್ಲ.