ಸಾಗರದಲ್ಲಿ ಅಳೆದ ಹರಳು

ನಮ್ಮ ಬಿಜಾಪುರದವರು ನಂಬಲಿಕ್ಕಿಲ್ಲ, ಗಾಜಿನ ಪಟ್ಟಿಯ ಮೇಲೆ ನಾನಿಟ್ಟ ನವಸಾಗರದ ನೀರಿನ ಒಂದು ಹನಿ ಎರಡು ದಿನವಾದರೂ ಒಣಗಲಿಲ್ಲ. ನಮ್ಮಲ್ಲಾದರೆ ಅದು ನೋಡನೋಡುತ್ತಲೇ ಆರಿ ಹರಳು ಕಟ್ಟುತ್ತಿತ್ತು. ಎಂಬತ್ತರ ದಶಕದ ಒಂದು ಜುಲೈನಲ್ಲಿ, ಜಡಿಮಳೆಯ ಮಲೆನಾಡಿನ ಸಾಗರದ ಕಾಲೇಜಿಗೆ ಭೌತಶಾಸ್ತ್ರ ಕಲಿಸಲು ಬಂದೆ. ಜೋಳದ ಹಿಟ್ಟು ಸಿಗಲಿಲ್ಲ, ಮಾತಿಗೆ ಜನವಿರಲಿಲ್ಲ. ಈಗ ಹರಳೂ ಇಲ್ಲ.

ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರವನ್ನು ನೀರಲ್ಲಿ ಕರಗಿಸಿ ಒಣಗಿಸಿದರೆ, ಸೂಕ್ಷ್ಮದರ್ಶಕದಡಿ ಜರಿಗಿಡದಂಥ ಹರಳು ಕಾಣುತ್ತದೆ: ರೆಂಬೆಯಲ್ಲಿ ಕಿರುರೆಂಬೆ, ಅದರಲ್ಲಿ ಇನ್ನೂ ಕಿರಿದು. ಇಂಥ ಆಕಾರಗಳನ್ನು ಅಳೆಯುವ ಫ್ರಾಕ್ಟಲ್ ಎಂಬ ಹೊಸ ರೇಖಾಗಣಿತವನ್ನು ಧಾರವಾಡದಲ್ಲಿ ಓದಿದ್ದೆ. ಅದನ್ನು ಹರಳಿಗೆ ಹಚ್ಚಿ ನೋಡುವ ಆಸೆ. "ಅದೆಲ್ಲ ದೊಡ್ಡ ಊರಿನವ್ರ ಕೆಲ್ಸ ಮೇಡಂ," ಎಂದರು ಸಹೋದ್ಯೋಗಿಗಳು.

ಕೊನೆಗೆ ಬಲ್ಬಿನ ಬಿಸಿಯಲ್ಲಿ ಹರಳು ಬಂತು. ಸ್ಟುಡಿಯೋದವರು ಅದರ ಚಿತ್ರ ತೆಗೆದುಕೊಟ್ಟರು. ಕಂಪ್ಯೂಟರ್ ಎಲ್ಲಿಯದು? ಚಿತ್ರದ ಮೇಲೆ ಚೌಕಳಿಯ ಪಾರದರ್ಶಕ ಹಾಳೆ ಹರಡಿ, ಹರಳು ತಾಗಿದ ಚೌಕಗಳನ್ನು ಎಣಿಸತೊಡಗಿದೆ. ಪ್ರತಿ ಸಲವೂ ಬೇರೆ ಉತ್ತರ.

ನನ್ನ ಬಾಡಿಗೆ ಮನೆಯ ಮಾಲೀಕರು ತೀರ್ಥಹಳ್ಳಿ ಕಡೆಯ ತಿಮ್ಮಪ್ಪಗೌಡರು, ಸರ್ವೆ ಕೆಲಸದಿಂದ ನಿವೃತ್ತರಾದವರು. ಒಂದು ಭಾನುವಾರ ಇಣುಕಿ ನೋಡಿ, "ಎಂಥ ಮೇಡಂ, ಹೊಳೆಬದಿ ಜಮೀನು ಅಳೀತಿದ್ದೀರಾ?" ಎಂದರು.

"ಹರಳ್ರೀ ಗೌಡ್ರ, ಜಮೀನಲ್ಲ."

"ಎರಡೂ ಒಂದೇ ಬಿಡಿ. ಹೊಸನಗರದಲ್ಲಿ ಹೊಳೆ ಅಂಚು ಅಳೀವಾಗ, ಅಳತೆಗೋಲು ಸಣ್ಣದು ಮಾಡ್ದಂಗೆಲ್ಲ ಅಂಚು ಉದ್ದ ಆಗ್ತಿತ್ತು. ಸಾಹೇಬ್ರು ನಂಬ್ತಾನೇ ಇರ್ಲಿಲ್ಲ!"

ನಾನು ಪುಸ್ತಕದಲ್ಲಿ ಕಲಿತದ್ದನ್ನು ಅವರು ಕೆಸರಲ್ಲಿ ನಿಂತು ಕಂಡಿದ್ದರು. ಎಣಿಸಿದ ಚೌಕಕ್ಕೆಲ್ಲ ಕೆಂಪು ಪೆನ್ಸಿಲಿನ ಚುಕ್ಕಿ ಇಡಲು ಕಲಿಸಿ, ಜೊತೆಗೆ ಕೂತು ತಾವೂ ಎಣಿಸಿದರು. ಚೌಕವನ್ನು ಅರ್ಧ, ಅದರರ್ಧ ಮಾಡುತ್ತ ಹೋದೆವು. ದೀಪಾವಳಿಯ ಹೊತ್ತಿಗೆ ಅಂಕೆಗಳನ್ನು ಲಾಗ್ ಕೋಷ್ಟಕ ನೋಡಿ ಗ್ರಾಫಿಗೆ ಹಾಕಿದರೆ, ಬಿಂದುಗಳೆಲ್ಲ ಒಂದೇ ನೇರ ಗೆರೆಯಲ್ಲಿ ನಿಂತವು! ಅದರ ಇಳಿಜಾರು ಒಂದಕ್ಕೂ ಎರಡಕ್ಕೂ ನಡುವೆ. ಗೆರೆಗೆ ಒಂದು ಆಯಾಮ, ಹಾಳೆಗೆ ಎರಡು; ನನ್ನ ಹರಳು ಗೆರೆಗಿಂತ ಹೆಚ್ಚು, ಹಾಳೆಗಿಂತ ಕಡಿಮೆ.

"ಬಂತಲ್ಲ ಮೇಡಂ!" ಎಂದು ಗೌಡರು ತೊಡೆ ತಟ್ಟಿದರು.

ಧಾರವಾಡದ ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಿದೆ. ಅಪ್ಪ ಬಿಜಾಪುರದಿಂದ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರು. ಹಿರಿಯ ಪ್ರಾಧ್ಯಾಪಕರೊಬ್ಬರು, "ಇಷ್ಟು ಅಚ್ಚುಕಟ್ಟಾದ ಕೆಲಸ ಎಲ್ಲಿ ಮಾಡಿದಿರಿ?" ಎಂದು ಕೇಳಿದರು. ತಲೆಯೆತ್ತಿ ಹೇಳಿದೆ: "ನಮ್ಮ ಸಾಗರದಾಗ್ರಿ."

ಹೊರಗೆ ಬಂದಾಗ ಅಪ್ಪ, "ನಮ್ಮ ಸಾಗರ ಅಂದಿ. ಹಂಗಾರ ಬಿಜಾಪುರ?" ಎಂದರು.

"ಊರಿನ ಹೆಸರು ಅಲ್ಲೀದು ಹೇಳೀನಿ. ‘ಸಾಗರದಾಗ್ರಿ’ ಅನ್ನೂ ಮಾತಿನ ಧಾಟಿ ಯಾವೂರದಪ್ಪಾ?"

ಅಪ್ಪ ನಕ್ಕರು. ಬಸ್ ನಿಲ್ದಾಣದಲ್ಲಿ ಅವರು ಬಿಜಾಪುರದ ಬಸ್ಸು ಹತ್ತಿದರು. ಸಾಗರದ ಬಸ್ಸು ಹೊರಟು ನಿಂತಿತ್ತು. ಅವರದು ತಿರುವು ದಾಟುವ ತನಕ ನಾನು ಹತ್ತಲಿಲ್ಲ.